ಜಿಂಕೆಗೂ ಆಫ್ರಿಕಕ್ಕೂ ಒಂದೇ ಕೋವಿ: ನಾನು .30-06 ಆರಿಸಿಕೊಂಡಿದ್ದು ಹೀಗೆ

ಟೆಕ್ಸಸ್‌ನಲ್ಲಿ ಬೇಟೆಯ ಹುಚ್ಚಿರುವ ಕನ್ನಡಿಗರು ಇಬ್ಬರು ಸೇರಿದರೆ ಸಾಕು, ಮಾತು ಕ್ಯಾಲಿಬರ್ ಕಡೆಗೆ, ಅಂದರೆ ಗುಂಡಿನ ಅಳತೆಯ ಕಡೆಗೆ, ತಿರುಗುತ್ತದೆ. ಯಾವುದು ತಗೊಳ್ಳಲಿ? ಒಂದೇ ತಗೊಂಡರೆ ಎಲ್ಲಕ್ಕೂ ಆಗುತ್ತಾ? ನಾಳೆ ಆಫ್ರಿಕಕ್ಕೆ ಹೋಗುವ ಮನಸ್ಸಾದರೆ? ನನಗಂತೂ ಒಂದೇ ಕೋವಿ ಎಂಬುದು ಮೊದಲೇ ತೀರ್ಮಾನವಾಗಿತ್ತು. ಮನೆಯಲ್ಲಿ ಒಂದಕ್ಕಿಂತ ಜಾಸ್ತಿ ಬೇಡ ಅಂತ ಹೆಂಡತಿ ಹೇಳಿಬಿಟ್ಟಿದ್ದಳು. ಅವಳ ಮಾತು ಪಕ್ಕಕ್ಕಿಟ್ಟರೂ ನನಗೆ ಅದೇ ಸರಿ ಅನ್ನಿಸುತ್ತಿತ್ತು. ಒಂದೇ ಕೋವಿ ಇದ್ದರೆ ಅದರ ಕುದುರೆ ಎಷ್ಟು ಎಳೆದರೆ ಬಿಡುತ್ತದೆ ಅನ್ನೋದು ಬೆರಳಿಗೇ ಗೊತ್ತಿರುತ್ತದೆ.

ನಾನು ಮಲೆನಾಡಿನವನು. ಅಜ್ಜನ ಕಾಲದ ಕೇಪಿನ ಕೋವಿ ಅಟ್ಟದ ಮೇಲಿತ್ತು, ಗದ್ದೆಗೆ ಹಂದಿ ಬಂದರೆ ಹೆದರಿಸಲು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಶಿಕಾರಿ ಮುಗಿದ ಮಾತು, ಅದರ ಬಗ್ಗೆ ನನಗೆ ತಕರಾರೂ ಇಲ್ಲ. ರೈಫಲ್ ಹಿಡಿಯಲು ಕಲಿತಿದ್ದೆಲ್ಲ ಇಲ್ಲಿಗೆ ಬಂದ ಮೇಲೆ. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ತರಗತಿ ಮುಗಿಸಬೇಕು ಎಂಬ ನಿಯಮವಿದೆ. ಅಲ್ಲಿಂದಲೇ ಶುರು.

ಎಲ್ಲರೂ ಮೊದಲು ಕ್ಯಾಲಿಬರ್ ಹುಡುಕುತ್ತಾರೆ. ನಾನು ಮೊದಲು ಪ್ರಾಣಿಗಳ ಪಟ್ಟಿ ಬರೆದುಕೊಂಡೆ. ಆಸ್ಟಿನ್‌ನ ಪಶ್ಚಿಮಕ್ಕಿರುವ ಹಿಲ್ ಕಂಟ್ರಿ, ಅಂದರೆ ಲಾನೊ, ಮೇಸನ್ ಕಡೆ, ಬಿಳಿಬಾಲದ ಜಿಂಕೆ ಸಣ್ಣದು. ದೊಡ್ಡ ಗಂಡೇ 60 ಕಿಲೋ ಆಸುಪಾಸು. ಬಂಡೀಪುರದಲ್ಲಿ ಜೀಪಿನಿಂದ ನೋಡುವ ಅದೇ ಚುಕ್ಕೆ ಜಿಂಕೆಯೂ ಇಲ್ಲಿದೆ, 1930ರ ದಶಕದಲ್ಲಿ ತಂದು ಬಿಟ್ಟಿದ್ದು. ಈಗ ಹೊಲ ಹಾಳುಮಾಡುವಷ್ಟು ಬೆಳೆದಿದೆ. ಹೊರಗಿನ ಪ್ರಾಣಿ ಅಂತ ವರ್ಷವಿಡೀ ಹೊಡೆಯಬಹುದು. ಜೊತೆಗೆ ಕಾಡುಹಂದಿ. (ಟೆಕ್ಸಸ್ ಹಂದಿಗೆ ಊರಿಂದ ತಂದ ಕಾಚಂಪುಳಿ ಹಾಕಿ ಒಮ್ಮೆ ಮಾಡಿ ನೋಡಿ.) ದಕ್ಷಿಣಕ್ಕೆ ಹೋದರೆ ಕಿಂಗ್ ರಾಂಚ್ ಕಡೆಯಲ್ಲಿ ನೀಲಗಾಯಿ. ಅದು ಬೇರೆಯೇ ಲೆಕ್ಕ. ಗಂಡು 250 ಕಿಲೋ ತೂಗುತ್ತದೆ, ಏಟು ತಿಂದ ಮೇಲೂ ಓಡುತ್ತದೆ.

ಆಫ್ರಿಕದ ಪಟ್ಟಿ ಅಂದರೆ ನಮೀಬಿಯದ್ದು. ಸ್ಪ್ರಿಂಗ್‌ಬಾಕ್ ಎಂಬ ಸಣ್ಣ ಎರಳೆ 40 ಕಿಲೋ, ವಾರ್ಟ್‌ಹಾಗ್ ಹಂದಿ, 200 ಕಿಲೋ ದಾಟುವ ದೊಡ್ಡ ಎರಳೆಗಳಾದ ಓರಿಕ್ಸ್ ಮತ್ತು ಕುಡು, ಅದಕ್ಕಿಂತ ಭಾರದ ಝೀಬ್ರಾ. ಎರಳೆಗಳಲ್ಲೇ ದೊಡ್ಡದಾದ ಈಲಂಡ್ ಗಂಡು 700-800 ಕಿಲೋವರೆಗೂ ಹೋಗುತ್ತದೆ. ಆಮೇಲೆ ಕಾಡೆಮ್ಮೆ, ಆನೆ, ಸಿಂಹ.

ಈ ಕೊನೆಯ ಸಾಲನ್ನು ನಾನು ಹೊಡೆದುಹಾಕಿದೆ. ಕ್ಯಾಲಿಬರ್ ತೀರ್ಮಾನವಾಗಿದ್ದು ನಿಜವಾಗಿ ಅಲ್ಲೇ. ಕಾಡೆಮ್ಮೆ ಪಟ್ಟಿಯಲ್ಲಿದ್ದರೆ ಉತ್ತರ .375 ಹಾಲೆಂಡ್ ಆಂಡ್ ಹಾಲೆಂಡ್, ಬೇರೆ ಮಾತಿಲ್ಲ. 1912ರ ತೋಟಾ ಅದು, ಇಂದಿಗೂ ಆಫ್ರಿಕದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ ಕಾನೂನು ಒಪ್ಪುವ ಕನಿಷ್ಠ ಅಳತೆ. ನಮೀಬಿಯದಲ್ಲಿ ಲೆಕ್ಕ ಶಕ್ತಿಯ ಮೇಲೆ. ಸ್ಪ್ರಿಂಗ್‌ಬಾಕ್‌ನಂಥ ಸಣ್ಣದಕ್ಕೆ ನಳಿಗೆ ತುದಿಯಲ್ಲಿ 1350 ಜೂಲ್ ಇರಬೇಕು. ಕುಡು, ಓರಿಕ್ಸ್, ಈಲಂಡ್‌ಗೆ 2700. ಕಾಡೆಮ್ಮೆ, ಆನೆಗೆ 5400. ನಾನು ಈ ಮೂರು ಅಂಕಿಗಳನ್ನು ಬರೆದು, ಪಕ್ಕದಲ್ಲಿ ತೋಟಾಗಳನ್ನು ಜೋಡಿಸುತ್ತಾ ಹೋದೆ. .375ರ 300 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು 5700 ದಾಟುತ್ತದೆ. .30-06ರಲ್ಲಿ 180 ಗ್ರೇನ್ ಗುಂಡು 3900 ಚಿಲ್ಲರೆ. .308 ಮತ್ತು .270 ಎರಡೂ 3700ರ ಆಸುಪಾಸು. ಈಚಿನ 6.5 ಕ್ರೀಡ್‌ಮೂರ್ ಕೂಡ 3100 ಮುಟ್ಟುತ್ತದೆ. ಅಂದರೆ ಕಾಡೆಮ್ಮೆ ಬಿಟ್ಟರೆ ಎಲ್ಲವೂ ಪಾಸು!

ಹಾಗಾದರೆ ದೊಡ್ಡದನ್ನೇ ತಗೊಂಡು ಚಿಕ್ಕದಕ್ಕೂ ಬಳಸಬಾರದಾ ಅಂತ ಕೇಳುವವರಿದ್ದಾರೆ. .375ರಲ್ಲಿ ಜಿಂಕೆ ಹೊಡೆಯಬಹುದು. ಗುಂಡು ನಿಧಾನ ಅರಳುವುದರಿಂದ ಮಾಂಸ ಅಷ್ಟೇನೂ ಹಾಳಾಗುವುದಿಲ್ಲ ಅಂತ ಅದರ ಅಭಿಮಾನಿಗಳು ಹೇಳುವುದರಲ್ಲಿ ಹುರುಳಿದೆ. ಪರಿಚಯದವರೊಬ್ಬರು ತಮ್ಮ .375 ಕೊಟ್ಟು ರೇಂಜ್‌ನಲ್ಲಿ ಹೊಡೆದು ನೋಡಿ ಅಂದರು. ಮೊದಲ ಮೂರು ಈಡು ಚೆನ್ನಾಗಿಯೇ ಬಿದ್ದವು. ಆಮೇಲೆ ನನ್ನ ಭುಜ ಮೊದಲೇ ಸೆಟೆದುಕೊಳ್ಳುತ್ತಿತ್ತು, ಕಣ್ಣು ಅದಾಗಿಯೇ ಮುಚ್ಚುತ್ತಿತ್ತು. ಗುಂಡುಗಳು ಕಾಗದದ ಮೇಲೆ ಚೆದುರಿದವು. ಎಂಟು ಪೌಂಡ್ ಕೋವಿಯಲ್ಲಿ .30-06ರ ಒದೆತ 20 ಫೂಟ್-ಪೌಂಡ್ ಹತ್ತಿರ. ಹೆಚ್ಚು ಮದ್ದು ತುಂಬುವ .300 ವಿಂಚೆಸ್ಟರ್ ಮ್ಯಾಗ್ನಮ್ 25 ದಾಟುತ್ತದೆ. .375 ಸ್ವಲ್ಪ ಭಾರದ ಕೋವಿಯಲ್ಲೂ .30-06ರ ಇಮ್ಮಡಿಯ ಹತ್ತಿರ ಹೋಗುತ್ತದೆ. ತೋಟಾದ ಬೆಲೆಯೂ ಎರಡು ಮೂರು ಪಟ್ಟು. ಒದೆಯುವ, ದುಬಾರಿಯಾದ ಕೋವಿಯನ್ನು ಯಾರೂ ವಾರವಾರ ರೇಂಜ್‌ಗೆ ಒಯ್ಯುವುದಿಲ್ಲ. ಅಭ್ಯಾಸವಿಲ್ಲದ ಕೈಯಲ್ಲಿ ಆ ಶಕ್ತಿಯೆಲ್ಲ ಇದ್ದು ಏನು ಪ್ರಯೋಜನ?

ಉಳಿದಿದ್ದು ಮಧ್ಯದವು. .300 ಮ್ಯಾಗ್ನಮ್ ನೀಲಗಾಯಿಗೆ ಹೇಳಿಮಾಡಿಸಿದ್ದು, ಆದರೆ ನನ್ನ ಜಿಂಕೆಗಳೆಲ್ಲ ನೂರು ಗಜದೊಳಗೆ ನಿಲ್ಲುವಂಥವು. 9.3×62 ಮೇಲೆ ಮನಸ್ಸು ತುಂಬಾ ಓಡಾಡಿತು. ಬರ್ಲಿನ್‌ನ ಕೋವಿ ತಯಾರಕ ಒಟ್ಟೊ ಬಾಕ್ 1905ರಲ್ಲಿ ಮಾಡಿದ್ದು. ಜರ್ಮನ್ ಕಾಲದಿಂದಲೂ ನಮೀಬಿಯದ ರೈತರಿಗೆ ಪ್ರಿಯ. ಆದರೆ ಟೆಕ್ಸಸ್‌ನ ಸಣ್ಣ ಊರಿನ ಅಂಗಡಿಯಲ್ಲಿ ಅದರ ತೋಟಾ ಕೇಳಿದರೆ ಮುಖ ನೋಡುತ್ತಾರೆ. .270 ಮತ್ತು .308ರಲ್ಲಿ ದೂರು ಹೇಳುವಂಥದ್ದು ಏನೂ ಇಲ್ಲ. ನಾಳೆ ಯಾರಾದರೂ .308 ತಗೊಂಡೆ ಅಂದರೆ ಸರಿ ಅಂತಲೇ ಹೇಳುತ್ತೇನೆ. ನನಗೆ ಬೇಕಾಗಿದ್ದು 150ರಿಂದ 220 ಗ್ರೇನ್‌ವರೆಗೆ ಎಲ್ಲ ತೂಕದ ಗುಂಡೂ ಸಲೀಸಾಗಿ ಸಿಗುವ ತೋಟಾ. ಭಾರದ ಗುಂಡಿನಲ್ಲಿ .308ಗಿಂತ .30-06 ಸ್ವಲ್ಪ ಮುಂದೆ. ಹಾಗಾಗಿ ಅದೇ.

ಅಮೆರಿಕದ ಸೇನೆ ಇದನ್ನು ತೆಗೆದುಕೊಂಡಿದ್ದು 1906ರಲ್ಲಿ, ಹೆಸರಿನ ಬಾಲ ಅಲ್ಲಿಂದ ಬಂದಿದ್ದು. 1909ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಕ್ಕೆ ಹೋದಾಗ ಜೊತೆಗೆ ಆ ಸೇನೆಯದೇ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ ಒಯ್ದಿದ್ದರು. ಜೊತೆಗೊಂದು .405 ವಿಂಚೆಸ್ಟರ್ ಕೂಡ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿ ವರ್ಷಗಟ್ಟಲೆ ಇದ್ದದ್ದೂ .405 ವಿಂಚೆಸ್ಟರೇ. ಇದು ಆಯ್ಕೆಗೆ ಕಾರಣವಲ್ಲ ಬಿಡಿ, ಸುಮ್ನೆ ಖುಷಿಗೆ ಹೇಳಿದೆ.

ಕ್ಯಾಲಿಬರ್‌ಗಿಂತ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಗುಂಡಿನ ಬಗ್ಗೆ. ಜಿಂಕೆಗೆ ಮಾಡಿದ ಮೆತ್ತನೆಯ ಗುಂಡು ತೆಳು ಪಕ್ಕೆಲುಬು ದಾಟಿ ಬೇಗ ಅರಳುತ್ತದೆ, ಜಿಂಕೆಗೆ ಅದು ಸಾಕು. ಅದೇ ಗುಂಡು ಓರಿಕ್ಸ್‌ನ ಭುಜದ ಮೂಳೆಗೆ ಬಡಿದರೆ ಮೇಲೆಯೇ ಒಡೆದು ಪುಡಿಯಾಗಬಹುದು. 1946ರಲ್ಲಿ ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್ ಕೆನಡಾದಲ್ಲಿ ಮೂಸ್ ಬೇಟೆಗೆ ಹೋದಾಗ ಆಗಿದ್ದು ಇದೇ. ಗುಂಡು ಒಳಗಿಳಿಯಲಿಲ್ಲ. ಅವರು ಮನೆಗೆ ಬಂದು ಮಧ್ಯದಲ್ಲಿ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. ಅದೇ ಪಾರ್ಟಿಶನ್. ನಾನು ಆಫ್ರಿಕಕ್ಕೆ ಒಯ್ದಿದ್ದು 180 ಗ್ರೇನ್ ಪಾರ್ಟಿಶನ್, ಗ್ರಾಂ ಲೆಕ್ಕದಲ್ಲಿ 11.7. ಪೂರ್ತಿ ತಾಮ್ರದ ಗುಂಡುಗಳೂ ಒಳ್ಳೆಯವೇ. ನನ್ನ ನಳಿಗೆಗೆ ಪಾರ್ಟಿಶನ್ ಹೊಂದಿತು ಅಷ್ಟೇ. ಒಂದೇ ಕಂಪನಿಯ ಬೇರೆ ಬೇರೆ ಗುಂಡು ಒಂದೇ ಕೋವಿಯಲ್ಲಿ ಬೇರೆ ಬೇರೆ ಕಡೆ ಬೀಳುತ್ತವೆ. ನಾಲ್ಕಾರು ಪೆಟ್ಟಿಗೆ ತಂದು ಕಾಗದದ ಮೇಲೆ ಹೊಡೆದು ನೋಡದೆ ತೀರ್ಮಾನ ಮಾಡಬೇಡಿ.

ಕೋವಿಯ ದುರ್ಬೀನಿನ ಗುರಿಯನ್ನು 200 ಗಜಕ್ಕೆ ಕೂರಿಸಿದೆ. ಆಗ 100 ಗಜದಲ್ಲಿ ಗುಂಡು ಎರಡು ಇಂಚು ಮೇಲೆ, 300ರಲ್ಲಿ ಎಂಟೊಂಬತ್ತು ಇಂಚು ಕೆಳಗೆ. 250 ಗಜದೊಳಗೆ ಲೆಕ್ಕ ಹಾಕುವ ಗೋಜಿಲ್ಲ.

ಆಮೇಲೆ ಅಭ್ಯಾಸ. ಟೆಕ್ಸಸ್‌ನಲ್ಲಿ ನಾವು ಮರದ ಗೂಡಿನಲ್ಲಿ ಕುರ್ಚಿ ಹಾಕಿಕೊಂಡು, ಕಿಟಕಿಗೆ ಕೋವಿ ಆನಿಸಿ ಹೊಡೆಯುತ್ತೇವೆ. ನಿಜ ಹೇಳಬೇಕೆಂದರೆ ಮದುವೆಮನೆಯಲ್ಲಿ ಎಲೆ ಮುಂದೆ ಕೂತ ಹಾಗೆ, ಬಡಿಸುವುದೊಂದೇ ಬಾಕಿ. ನಮೀಬಿಯದಲ್ಲಿ ಗಂಟೆಗಟ್ಟಲೆ ನಡೆಯಬೇಕು, ಏದುಸಿರು ಬಿಡುತ್ತಾ ನಿಂತು, ಮೂರು ಕಾಲಿನ ಕಡ್ಡಿಯ ಮೇಲೆ ಕೋವಿ ಇಟ್ಟು ನಾಲ್ಕೈದು ಸೆಕೆಂಡಿನಲ್ಲಿ ಹೊಡೆಯಬೇಕು. ಹಾಗಾಗಿ ಹೋಗುವ ಮೊದಲಿನ ತಿಂಗಳುಗಳಲ್ಲಿ ಕೂತು ಹೊಡೆಯುವ ಬೆಂಚ್ ಬಿಟ್ಟುಬಿಟ್ಟೆ. ಬರೀ ಕಡ್ಡಿಯ ಮೇಲೆ, ನಿಂತುಕೊಂಡು. ಮನೆಯಲ್ಲಿ ಖಾಲಿ ಕೋವಿ ಹಿಡಿದು ಗೋಡೆಯ ಚುಕ್ಕೆಗೆ ಗುರಿಯಿಟ್ಟು ಕುದುರೆ ಎಳೆಯುವುದನ್ನೂ ಮಾಡಿದೆ. ಒಂದು ಕಾಸಿನ ಖರ್ಚಿಲ್ಲ, ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ.

ಇನ್ನೊಂದನ್ನು ಹೊಸದಾಗಿ ಕಲಿಯಬೇಕಾಯಿತು. ಜಿಂಕೆಗೆ ನಾವು ಭುಜದ ಹಿಂದೆ ಹೊಡೆಯುತ್ತೇವೆ. ಆಫ್ರಿಕದ ಎರಳೆಗಳಿಗೆ ಹೃದಯ, ಶ್ವಾಸಕೋಶ ಇನ್ನೂ ಮುಂದಕ್ಕೆ, ಕೆಳಕ್ಕೆ ಇರುತ್ತವೆ. ಪಕ್ಕಕ್ಕೆ ನಿಂತಾಗ ಮುಂಗಾಲಿನ ನೇರಕ್ಕೇ, ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ಇಡಬೇಕು. ಭುಜದ ಹಿಂದೆ ಇಟ್ಟರೆ ಹೊಟ್ಟೆಗೆ ಬೀಳಬಹುದು, ಮುಂದೆ ಇಡೀ ದಿನ ರಕ್ತದ ಜಾಡು ಹಿಡಿದು ಅಲೆಯುವುದೇ ಕೆಲಸ. ಒಂದು ಹನಿ ರಕ್ತ ಕಂಡರೂ ಪ್ರಾಣಿ ಸಿಗಲಿ ಬಿಡಲಿ ಪೂರ್ತಿ ದುಡ್ಡು ಕೊಡಬೇಕು, ಅಲ್ಲಿನ ಪದ್ಧತಿ ಅದು.

ಕಾಗದಪತ್ರದ ಕೆಲಸ ಅಂದುಕೊಂಡಷ್ಟಿಲ್ಲ. ಹೊರಡುವ ಮೊದಲು ಅಮೆರಿಕದ ಕಸ್ಟಮ್ಸ್‌ನಲ್ಲಿ ಕೋವಿ ತೋರಿಸಿ, ವಾಪಸ್ ತರುವಾಗ ಬೇಕಾಗುವ 4457 ಫಾರಂ ಮಾಡಿಸಿಕೊಳ್ಳಬೇಕು. ವಿಂಡ್‌ಹುಕ್ (ನಮೀಬಿಯದ ರಾಜಧಾನಿ) ವಿಮಾನ ನಿಲ್ದಾಣದಲ್ಲಿ ಪೊಲೀಸರು ತಾತ್ಕಾಲಿಕ ಪರ್ಮಿಟ್ ಕೊಡುತ್ತಾರೆ. ತೋಟಾ ಐದು ಕಿಲೋ ಮೀರಬಾರದು ಅನ್ನೋದು ವಿಮಾನದವರ ಸಾಮಾನ್ಯ ನಿಯಮ. ದಾರಿಯಲ್ಲಿ ಬೇರೆ ದೇಶದಲ್ಲಿ ಇಳಿಯುವುದಿದ್ದರೆ ಆ ದೇಶದ ನಿಯಮ ಬೇರೆ, ಮೊದಲೇ ವಿಚಾರಿಸಿ. ತೋಟಾದ ಚೀಲ ಕಳೆದರೆ? .30-06 ಆಗಿದ್ದರೆ ಅಲ್ಲಿನ ಊರಲ್ಲೇ ಸಿಗುತ್ತದೆ. ಅಪರೂಪದ ತೋಟಾ ಆಗಿದ್ದರೆ ನಿಮ್ಮ ಕೋವಿ ಬರೀ ದೊಣ್ಣೆ.

ಗೋಬಾಬಿಸ್ ಕಡೆಯ ಫಾರ್ಮ್‌ನಲ್ಲಿ ಮೊದಲ ಕೆಲಸ ಕಾಗದಕ್ಕೆ ಹೊಡೆದು ತೋರಿಸುವುದು. ಪ್ರಯಾಣದಲ್ಲಿ ದುರ್ಬೀನು ಅಲುಗಿದೆಯಾ ನೋಡಲು ಅಂತ ಹೇಳುತ್ತಾರೆ. ನೋಡುವುದು ನಿಮ್ಮನ್ನೂ ಹೌದು. ಅಲ್ಲಿನ ಜರ್ಮನ್ ಮೂಲದ ಯಜಮಾನ ನನ್ನ ಕೋವಿ ನೋಡಿ ತಲೆಯಾಡಿಸಿದರು, ಗುಂಡು ಯಾವುದು ಅಂತ ಮಾತ್ರ ಕೇಳಿದರು. ಹೊಸ ಮ್ಯಾಗ್ನಮ್ ಹಿಡಿದು ಬಂದು ಹೆದರಿಕೊಂಡು ಹೊಡೆಯುವವರಿಗಿಂತ ಹಳೆಯ .30-06 ಹಿಡಿದವರು ಬಂದರೆ ತನಗೆ ನೆಮ್ಮದಿ ಅಂದರು.

ಓರಿಕ್ಸ್ ಸಿಕ್ಕಿದ್ದು ಕೆಂಪು ಮರಳಿನ ದಿಬ್ಬದ ಹಿಂದೆ, ಸುಮಾರು 130 ಗಜದಲ್ಲಿ. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಯಜಮಾನರು ಕಡ್ಡಿ ನಿಲ್ಲಿಸಿದರು, ಕಾಯಿರಿ ಎಂದು ಕೈಸನ್ನೆ ಮಾಡಿದರು. ಅದು ಪಕ್ಕಕ್ಕೆ ತಿರುಗಿದ ಕೂಡಲೇ ಭುಜದ ಮೇಲೆ ಇಟ್ಟು ಬಿಟ್ಟೆ. ಗುಂಡು ತಾಗಿದ ಸದ್ದು ಕೇಳಿಸಿತು, ಐವತ್ತು ಅರವತ್ತು ಹೆಜ್ಜೆ ಓಡಿ ಬಿತ್ತು. ಸಿಗಿದಾಗ ನೋಡಿದರೆ ಭುಜದ ಮೂಳೆ ಮುರಿದು, ಶ್ವಾಸಕೋಶ ದಾಟಿ, ಆಚೆ ಬದಿಯ ಚರ್ಮದ ಕೆಳಗೆ ಗುಂಡು ನಿಂತಿತ್ತು. ಅದಕ್ಕಿಂತ ಜಾಸ್ತಿ ಯಾವ ಮ್ಯಾಗ್ನಮ್ ಏನು ಮಾಡುತ್ತಿತ್ತು? ಮಾಂಸ ಫಾರ್ಮ್‌ನಲ್ಲೇ ಉಳಿಯಿತು, ಅಮೆರಿಕಕ್ಕೆ ತರಲು ಬಿಡುವುದಿಲ್ಲ. ಆ ರಾತ್ರಿ ಕೆಂಡದ ಮೇಲೆ ಸುಟ್ಟಿದ್ದು ತಿಂದೆ, ಗೋಮಾಂಸಕ್ಕಿಂತ ರುಚಿ.

ಈಲಂಡ್ ನಾನೇ ಬೇಡ ಅಂದೆ. ಕಾನೂನು ಒಪ್ಪುತ್ತದೆ, ಒಳ್ಳೆಯ ಗುಂಡಿದ್ದರೆ .30-06ಕ್ಕೆ ಬೀಳುತ್ತದೆ ಕೂಡ. ಆದರೆ ಅಷ್ಟು ದೊಡ್ಡ ಮೈಗೆ ಜಾಗ ನಾಲ್ಕು ಇಂಚು ತಪ್ಪಿದರೂ ಕಷ್ಟ ಪ್ರಾಣಿಗೆ.

ಈಗ ಟೆಕ್ಸಸ್ ಜಿಂಕೆಗೆ 165 ಗ್ರೇನಿನ ಸಾಧಾರಣ ಗುಂಡು, ನೀಲಗಾಯಿಗೂ ಆಫ್ರಿಕಕ್ಕೂ 180ರ ಪಾರ್ಟಿಶನ್. ಗುಂಡು ಬದಲಾದಾಗಲೆಲ್ಲ ದುರ್ಬೀನನ್ನು ಮತ್ತೆ ಕೂರಿಸುತ್ತೇನೆ. ಕಾಡೆಮ್ಮೆಗೆ ಬರ್ತೀರಾ ಅಂತ ಯಜಮಾನರು ಮೊನ್ನೆ ಕೇಳಿದರು. ಬಂದರೆ ಅವರ .375 ದಿನದ ಬಾಡಿಗೆಗೆ ಸಿಗುತ್ತದಂತೆ. ಮೊದಲು ಇಲ್ಲಿ ಪರಿಚಯದವರ .375 ಎರವಲು ತಂದು, ಕಣ್ಣು ಮುಚ್ಚದೆ ಹೊಡೆಯುವುದನ್ನು ಕಲಿಯಬೇಕು.