ಕಲಂ ಬಾಯಿಪಾಠದಿಂದ ಮಹಜರಿನವರೆಗೆ: ನನ್ನ ಅನುಭವ

1986ರ ಸುಮಾರಿಗೆ ನನ್ನನ್ನು ಠಾಣೆಯಿಂದ ಪೊಲೀಸ್ ತರಬೇತಿ ಶಾಲೆಯೊಂದಕ್ಕೆ ಕಾನೂನು ಬೋಧಕನಾಗಿ ಕಳುಹಿಸಿದಾಗ ಅಲ್ಲಿನ ಪರೀಕ್ಷೆ ಭಾರತೀಯ ದಂಡ ಸಂಹಿತೆಯ ಕಲಂಗಳ ಬಾಯಿಪಾಠದ ಮೇಲೆಯೇ ನಿಂತಿತ್ತು. ಕಳವು 379, ವಾಸದ ಮನೆಯಲ್ಲಿ ಕಳವು 380 ಎಂದು ಒಂದೇ ಉಸಿರಿಗೆ ಒಪ್ಪಿಸುವ ಹುಡುಗನಿಗೆ ಬಿಳಿ ಹಾಳೆ ಕೊಟ್ಟು ಎದುರಿನ ಕೋಣೆಯ ಮಹಜರು (ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ದಾಖಲಿಸುವ ಪತ್ರ) ಬರೆ ಎಂದರೆ, ಚೆಕ್ಕುಬಂದಿಯನ್ನು (ನಾಲ್ಕೂ ಕಡೆಯ ಎಲ್ಲೆಗಳನ್ನು) ಯಾವ ದಿಕ್ಕಿನಿಂದ ಹಿಡಿಯಬೇಕೆಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದನು. ಕಳವನ್ನೇ ನಡೆಸಿ ಕಲಿಸೋಣವೆಂದು ನಾನು ಹೇಳಿದಾಗ ಹಿರಿಯ ಬೋಧಕರೊಬ್ಬರು, "ಪೆರೇಡ್ ಮುಗಿಸಿ ತೂಕಡಿಸುವವರಿಗೆ ನಾಟಕ ಆಡಿಸುತ್ತೀರಾ?" ಎಂದರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಹಳೆಯ ಉಗ್ರಾಣದ ಬೀಗ ಮುರಿದು, ಟ್ರಂಕು ತೆರೆದಿಟ್ಟು, ಕಿಟಕಿಯ ಕೆಳಗಿನ ಹಸಿಮಣ್ಣಿನಲ್ಲಿ ಬರಿಗಾಲಿನ ಗುರುತು ಮೂಡಿಸಿದ್ದೆ. ನಲವತ್ತು ಮಂದಿಯನ್ನು ಒಟ್ಟಿಗೆ ಒಳಗೆ ಬಿಟ್ಟಿದ್ದರಿಂದ ಹತ್ತೇ ನಿಮಿಷದಲ್ಲಿ ಆ ಗುರುತಿನ ಮೇಲೆ ಬೂಟಿನ ಹೆಜ್ಜೆಗಳು ಬಿದ್ದು ಎಲ್ಲವೂ ಅಳಿಸಿಹೋಯಿತು. ಓದಿ ನೋಡಬಹುದಾದ ಮಹಜರುಗಳು ಏಳೋ ಎಂಟೋ ಬಂದಿರಬೇಕು.

ಎರಡನೆಯ ತಂಡದಲ್ಲಿ ನಾಲ್ವರಂತೆ ಕಳುಹಿಸಿ, ಬಾಗಿಲಿಗೆ ಒಬ್ಬನನ್ನು ಕಾವಲಿಟ್ಟೆ. ಮಹಜರು ಸುಧಾರಿಸಿತು, ಆದರೆ ಪಂಚರಾಗಿದ್ದವರು, ಅಂದರೆ ಮಹಜರಿನ ಸಾಕ್ಷಿಗಳು, ಓದದೆಯೇ ಸಹಿ ಹಾಕುತ್ತಿದ್ದರು. ನಾನು ಒಂದು ಪ್ರತಿಯಲ್ಲಿ, ಆ ಕೋಣೆಯಲ್ಲಿ ಇರದಿದ್ದ ಹಿತ್ತಾಳೆಯ ಚೊಂಬೊಂದನ್ನು ಜಪ್ತಿಪಟ್ಟಿಗೆ ಸೇರಿಸಿ ಕೊಟ್ಟಾಗ ಇಬ್ಬರೂ ಸಹಿ ಮಾಡಿದರು. ಮಾರನೆಯ ದಿನ ನಾನೇ ಆರೋಪಿಯ ವಕೀಲನಾಗಿ ನಿಂತು ಆ ಚೊಂಬಿನ ಬಗ್ಗೆ ಪಾಟೀಸವಾಲು ನಡೆಸಿದೆ. ಬೆವರೊರೆಸಿಕೊಳ್ಳುತ್ತ ನಿಂತ ಆ ಹುಡುಗರನ್ನು ಕಂಡ ಮೇಲೆ ಯಾವ ತಂಡದವರೂ ಓದದೆ ಸಹಿ ಹಾಕಲಿಲ್ಲ. ತಪ್ಪನ್ನು ಪಟ್ಟಿಯ ಯಾವ ಜಾಗದಲ್ಲಿ ಅಡಗಿಸುತ್ತಿದ್ದೆನೆಂಬುದನ್ನು ಮಾತ್ರ ಬರೆಯುವುದಿಲ್ಲ, ಏಕೆಂದರೆ ನನ್ನ ಶಿಷ್ಯರು ಇಂದಿಗೂ ಅದನ್ನು ಬಳಸುತ್ತಿದ್ದಾರೆ.

ಖರ್ಚು ಸಂಬಳದಿಂದಲೇ ಹೋಗುತ್ತಿತ್ತು. ತಂಡವೊಂದಕ್ಕೆ ಇನ್ನೂರು ರೂಪಾಯಿಯ ಆಸುಪಾಸು ಆಗುತ್ತಿದ್ದು, ಸಲ್ಲಿಸಿದ ಬಿಲ್ಲು ಮಂಜೂರಾಗಲಿಲ್ಲ. ಹೊಸ ಬೀಗ ಮುರಿಯುವುದು ದುಬಾರಿಯೆನಿಸಿ ಗುಜರಿಯಿಂದ ಹಳೆಯ ಬೀಗಗಳನ್ನು ತೂಕಕ್ಕೆ ತಂದೆ. ಹೆಜ್ಜೆಗುರುತಿನ ಅಚ್ಚು ತೆಗೆಯಲು ತಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಹಳಷ್ಟು ಹಾಳಾಯಿತು. ನೀರು ಹೆಚ್ಚಾದರೆ ಅಚ್ಚು ಎತ್ತುವಾಗಲೇ ಹಿಮ್ಮಡಿಯ ಬಳಿ ಒಡೆಯುತ್ತಿತ್ತು. ಬೇಗ ಗಟ್ಟಿಯಾಗಲೆಂದು ಚಿಟಿಕೆ ಉಪ್ಪು ಬೆರೆಸುವುದನ್ನು ಕಲಿತು, ಮೇಲಿಂದ ನೇರವಾಗಿ ಸುರಿಯದೆ ಚಮಚದ ಬೆನ್ನಿನ ಮೇಲೆ ಹರಿಯಬಿಟ್ಟ ನಂತರ ಕಾಲ್ಬೆರಳುಗಳ ಗುರುತೂ ಸ್ಪಷ್ಟವಾಗಿ ಬಂದವು.

ಮೂರನೆಯ ತಂಡದ ಅಂತಿಮ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಅಧಿಕಾರಿ ತಾವೇ ಕೋಣೆಯೊಂದನ್ನು ಸಜ್ಜುಗೊಳಿಸಿದರು. ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ಮಹಜರು ನ್ಯಾಯಾಲಯದಲ್ಲಿ ನಿಲ್ಲುವಂತಿತ್ತು. ಒಬ್ಬ ಹುಡುಗನಂತೂ ಒಡೆದ ಕಿಟಕಿಯ ಗಾಜಿನ ಚೂರುಗಳು ಒಳಗೆ ಬೀಳದೆ ಹೊರಗೆ ಬಿದ್ದಿರುವುದನ್ನು ಗುರುತಿಸಿ ಬರೆದಿದ್ದನು. 2024ರ ಜುಲೈ 1ರಿಂದ 379ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 303 ಬಂದಿದೆ, ಮಹಜರು ಬರೆಯುವ ಕಣ್ಣಿಗೆ ಅದರಿಂದ ಏನೂ ಆಗಿಲ್ಲ. ನಾಟಕವೆಂದಿದ್ದ ಹಿರಿಯರು ಆ ಪರೀಕ್ಷೆಯ ಸಂಜೆ ನನ್ನ ಕೋಣೆಗೆ ಬಂದು, ಮುಂದಿನ ತಂಡಕ್ಕೆ ಬೀಗಗಳ ಪೆಟ್ಟಿಗೆಯನ್ನು ಕೇಳಿ ತೆಗೆದುಕೊಂಡು ಹೋದರು.