ಹಳೆಯ ಶಾಲೆ ಮುಚ್ಚುವ ಮುನ್ನ ಹಾಕಬೇಕಾದ ಲೆಕ್ಕ

ಮಕ್ಕಳು ಕಡಿಮೆ, ಕಟ್ಟಡ ಹಳೆಯದು, ಮುಚ್ಚೋಣ ಎಂದು ಶಾಲಾ ಮಂಡಳಿ ಹೇಳಿದರೆ ಮೊದಲು ಕಳೆದ 5 ವರ್ಷಗಳ ತರಗತಿವಾರು ದಾಖಲಾತಿ ಕೇಳಿ ಪಡೆಯಿರಿ. ಕಳೆದ ವರ್ಷ 1ನೇ ತರಗತಿಯಲ್ಲಿ 60 ಮಕ್ಕಳಿದ್ದು ಈಗ 2ನೇ ತರಗತಿಯಲ್ಲಿ 54 ಇದ್ದರೆ ಅನುಪಾತ 0.9. ಎಲ್ಲ ತರಗತಿಗಳಿಗೂ ಹೀಗೆ ಪ್ರತಿ ವರ್ಷದ ಅನುಪಾತ ಹಾಕಿ, ಅವುಗಳ ಸರಾಸರಿಯಿಂದ ಈಗಿನ ಸಂಖ್ಯೆಯನ್ನು ಗುಣಿಸಿ ಮುಂದಿನ ವರ್ಷಗಳನ್ನು ಅಂದಾಜಿಸಿ. ಹೊಸದಾಗಿ ಸೇರುವವರ ಅಂದಾಜಿಗೆ ಜನನ ನೋಂದಣಿ ನೋಡಿ. ಆದರೆ ಸುತ್ತ ಹೊಸ ಬಡಾವಣೆ ಏಳುತ್ತಿದ್ದರೆ ಈ ಲೆಕ್ಕ ಕೈಕೊಡಬಹುದು.

ಉಳಿತಾಯದ ಅಂಕಿ ಹೆಚ್ಚಾಗಿ ಎಡವುವ ಜಾಗ. ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದು. ಶಿಕ್ಷಕರೆಲ್ಲ ಬೇರೆ ಶಾಲೆಗೆ ಹೋದರೆ ಉಳಿಯುವುದು ಅಲ್ಪ. ಬೀಗ ಹಾಕಿದ ಕಟ್ಟಡಕ್ಕೂ ವಿಮೆ, ಕಾವಲು, ಸೋರಿಕೆ ರಿಪೇರಿ ತಪ್ಪುವುದಿಲ್ಲ. ಹೆಚ್ಚುವರಿ ಬಸ್‌ಗಳ ಖರ್ಚನ್ನೂ ಕಳೆಯಿರಿ. ಇನ್ನೊಂದೆಡೆ, ದುರಸ್ತಿ ವೆಚ್ಚ ಹೊಸ ಕಟ್ಟಡದ ವೆಚ್ಚದ ಹತ್ತಿರ ಬಂದಿದ್ದರೆ ಹಳೆಯದರ ಮೇಲಿನ ಮಮತೆಗೆ ಮಕ್ಕಳ ಸುರಕ್ಷತೆಯನ್ನು ಒತ್ತೆಯಿಡಬೇಡಿ.

ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯ ಕೊಠಡಿಗಳನ್ನು ನೀವೇ ಎಣಿಸಿ. ಪ್ರಯೋಗಾಲಯ, ಗ್ರಂಥಾಲಯ, ವಿಶೇಷ ಅಗತ್ಯದ ಮಕ್ಕಳ ಕೊಠಡಿ ಬಿಟ್ಟು ಉಳಿದದ್ದೇ ನಿಜವಾದ ಸಾಮರ್ಥ್ಯ. ನಡೆದು ಹೋಗುವ ದಾರಿಯನ್ನು ಬೆಳಗಿನ ಶಾಲಾ ಹೊತ್ತಿನಲ್ಲೇ ನಡೆದು ನೋಡಿ; ನಕ್ಷೆಯಲ್ಲಿ ಹೆದ್ದಾರಿ ಬರೀ ಗೆರೆ.

2013ರಲ್ಲಿ ಚಿಕಾಗೋ ಸುಮಾರು 50 ಶಾಲೆ ಮುಚ್ಚಲು ನಿರ್ಧರಿಸಿದಾಗ, ಘೋಷಣೆಯಾದ ವರ್ಷವೇ ಆ ಮಕ್ಕಳ ಕಲಿಕೆ ಕುಗ್ಗಿತು. ಆದ್ದರಿಂದ ಯಾವ ಮಗು ಎಲ್ಲಿಗೆ ಎಂಬ ಪಟ್ಟಿ ಘೋಷಣೆಯ ದಿನವೇ ಪೋಷಕರ ಕೈಯಲ್ಲಿರಲಿ.