ಹಿಸುಕಿದ ಬಲ ಅಳೆಯುವುದನ್ನು ಬಿಟ್ಟೆ, ರೋಬೋಟ್ ಕೆಲಸಕ್ಕೆ ಬಂತು

ಮಾತಾಡಲಾಗದ ರೋಗಿಯ ನೋವು ತಿಳಿಯಲು ಟ್ಯಾಬ್ಲೆಟ್ ಸಾಕು, ರೋಬೋಟ್ ಯಾಕೆ ಎಂದವರೇ ಹೆಚ್ಚು. ಬಾಗಿಲಲ್ಲಿ ನಿಂತ ನರ್ಸ್‌ಗೆ ಟ್ಯಾಬ್ಲೆಟ್ಟಿನ ಪರದೆ ಕಾಣುವುದಿಲ್ಲ. ರೋಗಿ ನೋವು ತಿಳಿಸಿದಾಗ ನನ್ನ ರೋಬೋಟ್ ಒಮ್ಮೆ ಕೈ ಎತ್ತಿದರೆ, ಯಾರಾದರೂ ಹತ್ತಿರ ಬಂದು ಗುಂಡಿ ಒತ್ತುವ ತನಕ ಇಳಿಸುವುದಿಲ್ಲ.

ಮೊದಲು ಮಾಡಿದ್ದು ರಬ್ಬರ್ ಬಲ್ಬ್, ಎಂಪಿಎಕ್ಸ್5010 ಒತ್ತಡ ಸೆನ್ಸರ್, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸೇರಿಸಿ. ಜೋರಾಗಿ ಹಿಸುಕಿದಷ್ಟೂ ನೋವು ಹೆಚ್ಚು ಅನ್ನುವ ಲೆಕ್ಕ. ಅದು ಪೂರ್ತಿ ತಪ್ಪಾಯಿತು: ನೋವು ಹತ್ತಕ್ಕೆ 9 ಇದ್ದರೂ, ನಿತ್ರಾಣವಾದ ಕೈ ಹಿಸುಕಿದ್ದು ನಮ್ಮಲ್ಲಿ 3 ಎಂದು ದಾಖಲಾಗುತ್ತಿತ್ತು. ಜೊತೆಗೆ ಗಾಳಿಯ ಕಾಟ. ಮುಚ್ಚಿದ ಬಲ್ಬ್ ಅಂಗೈಯಲ್ಲಿ 8 ಡಿಗ್ರಿ ಬಿಸಿಯಾದರೂ ಒತ್ತಡ ಸುಮಾರು 2.7 ಕಿಲೋಪಾಸ್ಕಲ್ ಏರಬಹುದು. ಸೆನ್ಸರಿನ ವ್ಯಾಪ್ತಿಯೇ 10 ಕಿಲೋಪಾಸ್ಕಲ್. ಯಾರೂ ಹಿಸುಕದೆ ಅಲಾರಂ. ಬಲ್ಬಿನ ಕೊಳವೆಗೆ T ಆಕಾರದ ಕವಲು ಜೋಡಿಸಿ, ಸಪೂರ ಸೂಜಿಯಿಂದ ಗಾಳಿ ಮೆಲ್ಲಗೆ ಸೋರಲು ಬಿಟ್ಟೆ. ಬಿಸಿ ಏರುವುದು ನಿಮಿಷಗಳಲ್ಲಿ, ಹಿಸುಕುವುದು ಅರ್ಧ ಸೆಕೆಂಡಿನಲ್ಲಿ, ಎರಡೂ ಬೇರೆಯಾದವು. ಸೂಜಿಯ ಅಳತೆ ಮಾತ್ರ ಹೇಳುವುದಿಲ್ಲ, ಅದಕ್ಕೇ ಒಂದು ತಿಂಗಳು ಹಿಡಿದಿದೆ.

ಈಗ ಹಿಸುಕಿದರೆ 'ಹೌದು', ಅಷ್ಟೇ. ರೋಬೋಟಿನ ಮುಖವೇ 0, 2, 4, 6, 8, 10 ಎಂದು ನೋವಿನ ಆರು ಹಂತ ತೋರಿಸುತ್ತಾ ಹೋಗುತ್ತದೆ, 0 ಅಂದರೆ ನೋವಿಲ್ಲ, 10 ಅಂದರೆ ಅತಿ ಹೆಚ್ಚು. ತನ್ನ ನೋವಿಗೆ ಹೊಂದುವ ಮುಖ ಬಂದಾಗ ರೋಗಿ ಹಿಸುಕಿ ನಿಲ್ಲಿಸುತ್ತಾರೆ. ಒಂದೊಂದು ಮುಖಕ್ಕೆ 2 ಸೆಕೆಂಡು ಕೊಟ್ಟಾಗ ಕೈ ಹಿಸುಕುವಷ್ಟರಲ್ಲಿ ಮುಖ ದಾಟಿರುತ್ತಿತ್ತು. 4 ಸರಿಹೋಯಿತು. 0ಗೆ ನಗುಮುಖ ಹಾಕಬೇಡಿ: ನೋವಿಲ್ಲದೆಯೂ ಬೇಸರದಲ್ಲಿರುವವರು ಅದನ್ನು ಬಿಟ್ಟು 2 ಆರಿಸುತ್ತಾರೆ. ಬಾಯಿಯ ಗೆರೆ ನೇರ ಮಾಡಿದೆ, 10ರ ಕಣ್ಣೀರನ್ನೂ ತೆಗೆದೆ. ನೋವು ಎಲ್ಲಿ ಅನ್ನುವುದಕ್ಕೆ ಇದೇ ರೀತಿ ಎರಡನೇ ಸುತ್ತು.

ರೋಬೋಟಿನ ಕೈ ಎತ್ತುವ ಸರ್ವೋ ಮೋಟಾರ್ ಕರೆಂಟ್ ಎಳೆದ ಕ್ಷಣವೇ ಬೋರ್ಡ್ ರೀಸೆಟ್ ಆಗಿ, ರೋಗಿ ಆರಿಸಿದ ಅಂಕ ಮಾಯ. ರೋಗಿ ಹೇಳಿಯಾಯಿತು, ಯಾರಿಗೂ ತಲುಪಲಿಲ್ಲ. ಇದಕ್ಕಿಂತ ಕೆಟ್ಟ ದೋಷ ಈ ಯಂತ್ರದಲ್ಲಿ ಇನ್ನೊಂದಿಲ್ಲ. ಸರ್ವೋಗೆ ಬೇರೆ 5 ವೋಲ್ಟ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಗ್ರೌಂಡ್ ಮಾತ್ರ ಒಂದೇ. ಅಂಕವನ್ನು ಫ್ಲ್ಯಾಶಿಗೆ, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿಗೆ, ಬರೆದ ಮೇಲೆಯೇ ಕೈ ಏಳಬೇಕು.

ಅರ್ಧಕ್ಕಿಂತ ಹೆಚ್ಚು ದುಡ್ಡು ನುಂಗಿದ್ದು ಮುಖಭಾವ ಓದುವ ಕ್ಯಾಮೆರಾ. ಆಕ್ಸಿಜನ್ ಮಾಸ್ಕ್ ಹಾಕಿದರೆ ಅರ್ಧ ಮುಖ ಕಾಣದು. ಪಾರ್ಕಿನ್ಸನ್ಸ್ ಕಾಯಿಲೆ ಇರುವವರಲ್ಲಿ ಮುಖದ ಚಲನೆಯೇ ಕಡಿಮೆ. ಕಳಚಿಟ್ಟೆ.

ಕಣ್ಣು ಮುಚ್ಚಿದವರಿಗಾಗಿ ಬಲ್ಬಿಗೆ ಕಂಪನ ಮೋಟಾರ್ ಕಟ್ಟಿ ನೋಡುತ್ತಿದ್ದೇನೆ, ಮುಖ ಬದಲಾದಾಗಲೆಲ್ಲ ಒಂದು ಮಿಡಿತ. ಆ ಅದುರನ್ನೇ ಸೆನ್ಸರ್ ಹಿಸುಕು ಅಂದುಕೊಳ್ಳುವುದರಿಂದ, ಮಿಡಿತದ ನಂತರ 300 ಮಿಲಿಸೆಕೆಂಡಿನಷ್ಟು ಓದದೆ ಬಿಡುತ್ತೇನೆ.